ಬೆನ್ನುಮೂಳೆ ಪಕ್ಕದ ಗಡ್ಡೆ: ಕೀಹೋಲ್ ಆಪರೇಷನ್‌ಗೆ ಮುಂಚೆ ಒಂದು ಎಂ.ಆರ್.ಐ.

ಪ್ರಶ್ನೆ: ನಾವು ಮಂಡ್ಯದ ಹತ್ತಿರದ ಹಳ್ಳಿಯವರು. ನಮ್ಮ ಅಮ್ಮನಿಗೆ 49 ವರ್ಷ. ಕಬ್ಬಿನ ಗದ್ದೆ ಕೆಲಸದ ಜೊತೆಗೆ ಆಲೆಮನೆ ಕೆಲಸವನ್ನೂ ಮಾಡುತ್ತಾರೆ. ಎರಡು ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ ಅಂತ ಎಕ್ಸ್‌ರೇ ತೆಗೆಸಿದೆವು. ಎದೆಯಲ್ಲಿ ದುಂಡಗೆ ಒಂದು ನೆರಳು ಕಾಣಿಸಿತು. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಸಿ.ಟಿ. ರಿಪೋರ್ಟಿನಲ್ಲಿ ಬಲಗಡೆ, 5-6ನೇ ಪಕ್ಕೆಲುಬಿನ ಮಟ್ಟದಲ್ಲಿ, ಬೆನ್ನುಮೂಳೆಗೆ ಒತ್ತಿಕೊಂಡು 4.8 ಸೆಂ.ಮೀ. ಗಡ್ಡೆ ಇದೆ, ಶ್ವಾನೋಮಾ ಇರಬಹುದು ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ಕೀಹೋಲ್‌ನಲ್ಲಿ ತೆಗೆದುಬಿಡೋಣ ಅಂದರು. ಇನ್ನೊಬ್ಬರು ಈಗೇನೂ ಬೇಡ, ನೋಡೋಣ ಅಂದರು. ನಮ್ಮ ದೊಡ್ಡಪ್ಪ ‘ಕತ್ತರಿ ತಾಗಿದರೆ ಮೈಯೆಲ್ಲ ಹರಡುತ್ತೆ’ ಅಂತ ಹೆದರಿಸಿದ್ದಾರೆ. ತೆಗೆಸಲೇಬೇಕಾ? ಮೊದಲು ಸೂಜಿ ಹಾಕಿ ಬಯಾಪ್ಸಿ ಮಾಡಿಸಬೇಕಾ? ರೋಬೋಟ್ ಆದರೆ ಇನ್ನೂ ಒಳ್ಳೆಯದಾ? ಮತ್ತೆ ಗದ್ದೆ ಕೆಲಸಕ್ಕೆ ಯಾವಾಗ ಹೋಗಬಹುದು? ಮೈಸೂರಲ್ಲೇ ಆಗುತ್ತಾ? ಖರ್ಚಿಗೆ ಏನು ದಾರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ವಿವರ ಆಮೇಲೆ. ನೀವು ಬರೆದಿರುವುದನ್ನು ನೋಡಿದರೆ ಇದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ತೆಗೆಸುವುದು ಒಳ್ಳೆಯದು, ಆದರೆ ಅವಸರ ಇಲ್ಲ. ಗಡ್ಡೆ ಇರುವ ಜಾಗವೂ ಅದರ ಅಳತೆಯೂ, ಚಿಕ್ಕ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಆಪರೇಷನ್‌ಗೆ ಅನುಕೂಲವಾಗಿಯೇ ಇವೆ. ಆದರೆ ಬೆನ್ನುಮೂಳೆಯ ಎಂ.ಆರ್.ಐ. ಆಗುವವರೆಗೆ ಯಾವ ಆಸ್ಪತ್ರೆಯಲ್ಲೂ ಆಪರೇಷನ್ ದಿನ ಗೊತ್ತು ಮಾಡಬೇಡಿ. ನಿಮ್ಮ ಪತ್ರದಲ್ಲಿ ಎಂ.ಆರ್.ಐ. ಮಾತೇ ಇಲ್ಲ, ಹಾಗಾಗಿ ನನ್ನ ಉತ್ತರದ ಹೆಚ್ಚಿನ ಭಾಗ ಅದರ ಸುತ್ತಲೇ ಇರುತ್ತದೆ.

ಎದೆಗೂಡಿನಲ್ಲಿ ಗಡ್ಡೆ ಅಂದ ಕೂಡಲೇ ಎಲ್ಲರೂ ಶ್ವಾಸಕೋಶ ಅಂದುಕೊಳ್ಳುತ್ತಾರೆ. ನಿಮ್ಮ ಅಮ್ಮನ ಗಡ್ಡೆ ಶ್ವಾಸಕೋಶದಲ್ಲಿ ಇಲ್ಲ. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಪ್ರತಿ ಪಕ್ಕೆಲುಬಿನ ಕೆಳಗೂ ಒಂದೊಂದು ನರ ಹೊರಟು ಮುಂದಕ್ಕೆ ಬರುತ್ತದೆ. ಆ ನರದ ಮೇಲಿನ ಹೊದಿಕೆಯ ಜೀವಕೋಶಗಳಿಂದ ಬೆಳೆಯುವ ಗಡ್ಡೆಯೇ ಶ್ವಾನೋಮಾ. ದೊಡ್ಡವರಲ್ಲಿ ಈ ಜಾಗದಲ್ಲಿ ಹುಟ್ಟುವ ನರದ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲದವೇ. ಚಿಕ್ಕ ಮಕ್ಕಳಲ್ಲಿ ಲೆಕ್ಕ ಬೇರೆ, ಅಲ್ಲಿ ಹೆಚ್ಚು ಎಚ್ಚರ ಬೇಕು. ನಿಮ್ಮ ಅಮ್ಮನ ವಯಸ್ಸಿಗೆ, ಅಂಚು ನಯವಾಗಿದ್ದು ಪಕ್ಕದ ಮೂಳೆಯನ್ನು ತಿಂದುಹಾಕದೆ ಇದ್ದರೆ, ಧೈರ್ಯವಾಗಿರಬಹುದು.

ಇನ್ನು ಕೆಮ್ಮು. ಈ ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ: ಗಡ್ಡೆ ತೆಗೆದರೂ ಕೆಮ್ಮು ಹಾಗೇ ಇರಬಹುದು. ಬೆನ್ನಿನ ಕಡೆ ಇರುವ 4.8 ಸೆಂ.ಮೀ. ಗಡ್ಡೆ ಉಸಿರು ಕೊಳವೆಯನ್ನು ಒತ್ತುವುದು ಅಪರೂಪ. ಹೆಚ್ಚಿನವರಿಗೆ ಏನೂ ಗೊತ್ತೇ ಆಗುವುದಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಕಣ್ಣಿಗೆ ಬೀಳುತ್ತದೆ. ಕೊಪ್ಪರಿಗೆ ಮುಂದೆ ನಿಂತು ದಿನವಿಡೀ ಹೊಗೆ ಕುಡಿದವರ ಕೆಮ್ಮಿಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ, ಅಲ್ವಾ? ಕಬ್ಬಿನ ಸಿಪ್ಪೆಯ ಜೊತೆ ಹಳೇ ಟೈರು, ಪ್ಲಾಸ್ಟಿಕ್ ಉರಿಸುವ ಕಡೆ ಇನ್ನೂ ಕಷ್ಟ. ಒಂದು ಪಿ.ಎಫ್.ಟಿ. ಮಾಡಿಸಿ, ಅಂದರೆ ಊದುವ ಪರೀಕ್ಷೆ. ಕೆಮ್ಮಿಗೆ ಅದರ ಪ್ರಕಾರ ಬೇರೆಯದೇ ಔಷಧ ಬೇಕಾಗಬಹುದು. ಆಪರೇಷನ್‌ಗೆ ಮುಂಚೆ ಈ ಕೆಮ್ಮು ಹತೋಟಿಗೆ ಬರಬೇಕು ಕೂಡ. ಎದೆಯಲ್ಲಿ ಹೊಲಿಗೆ ಇಟ್ಟುಕೊಂಡು ಕೆಮ್ಮುವುದು ಯಾರಿಗೂ ಬೇಡ.

ಹಾಗಾದರೆ ಏನೂ ತೊಂದರೆ ಕೊಡದ ಗಡ್ಡೆಯನ್ನು ಯಾಕೆ ತೆಗೆಸಬೇಕು? ಎರಡನೇ ಡಾಕ್ಟರು ‘ನೋಡೋಣ’ ಅಂದದ್ದು ತಪ್ಪಲ್ಲ. 80 ವರ್ಷದ ಅಜ್ಜಿಗೆ, ಹೃದಯ ಸೋತವರಿಗೆ, 2 ಸೆಂ.ಮೀ. ಗಡ್ಡೆಗೆ ನಾನೂ ಅದನ್ನೇ ಹೇಳುತ್ತೇನೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು. ನಿಮ್ಮ ಅಮ್ಮನ ವಿಷಯ ಬೇರೆ. ಅವರಿಗೆ ಇನ್ನೂ ಬಹಳ ವರ್ಷ ಇದೆ, ಗಡ್ಡೆ ಈಗಾಗಲೇ 5 ಸೆಂ.ಮೀ. ಹತ್ತಿರ ಬಂದಿದೆ. ಇದು ನಿಧಾನಕ್ಕೆ ಬೆಳೆಯುತ್ತದೆ, ಆದರೆ ತಾನಾಗಿ ಕರಗುವುದಿಲ್ಲ. ದೊಡ್ಡದಾದಷ್ಟೂ ಚಿಕ್ಕ ರಂಧ್ರದಲ್ಲಿ ತೆಗೆಯುವುದು ಕಷ್ಟವಾಗುತ್ತದೆ. ಜೊತೆಗೆ, ಪೂರ್ತಿ ತೆಗೆದು ಪರೀಕ್ಷೆ ಮಾಡಿದಾಗಲೇ ಅದು ಏನು ಅಂತ ನೂರಕ್ಕೆ ನೂರು ಗೊತ್ತಾಗುವುದು.

ಎದೆಯ ಎಲ್ಲ ಗಡ್ಡೆಗೂ ಇದೇ ಮಾತು ಅಂದುಕೊಳ್ಳಬೇಡಿ. ಹೃದಯದ ಹೊದಿಕೆಗೆ ಅಂಟಿದ ನೀರುಗುಳ್ಳೆಯನ್ನು ಹೆಚ್ಚಿನ ಸಲ ಮುಟ್ಟುವುದೇ ಇಲ್ಲ. ಶ್ವಾಸಕೋಶದೊಳಗೆ ಬೆಳೆಯುವ ಹ್ಯಾಮಾರ್ಟೋಮಾ ಎಂಬ ಗಂಟಿನಲ್ಲಿ ಕೊಬ್ಬು, ಸುಣ್ಣ ಎರಡೂ ಸಿ.ಟಿ.ಯಲ್ಲಿ ಸ್ಪಷ್ಟವಾಗಿ ಕಂಡರೆ ಅದನ್ನೂ ಬಿಡಬಹುದು. ಎದೆಮೂಳೆಯ ಹಿಂದೆ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದ್ದರೆ ಬಿಡಬಾರದು. ಆ ಗಡ್ಡೆಯಿರುವ ಕೆಲವರಿಗೆ ಸಾಯಂಕಾಲದ ಹೊತ್ತಿಗೆ ರೆಪ್ಪೆ ಜೋತುಬೀಳುತ್ತದೆ, ಅಗಿಯಲು ನುಂಗಲು ಸುಸ್ತಾಗುತ್ತದೆ. ಅದು ಮಯಸ್ತೇನಿಯಾ ಎಂಬ ಬೇರೆ ಕಾಯಿಲೆ, ಅದನ್ನು ಹತೋಟಿಗೆ ತಂದೇ ಆಪರೇಷನ್ ಮಾಡಬೇಕು.

ಈಗ ಎಂ.ಆರ್.ಐ. ನರ ಹೊರಬರುವುದು ಎರಡು ಬೆನ್ನೆಲುಬಿನ ನಡುವಿನ ಒಂದು ಚಿಕ್ಕ ಕಿಂಡಿಯಿಂದ. ಗಡ್ಡೆ ಹೊರಗಡೆ ಮಾತ್ರ ಬೆಳೆದಿದ್ದರೆ ಸಲೀಸು. ಆದರೆ ಬೆನ್ನುಮೂಳೆ ಪಕ್ಕದ ನರದ ಗಡ್ಡೆಗಳಲ್ಲಿ ಸುಮಾರು 10ರಲ್ಲಿ ಒಂದು ಆ ಕಿಂಡಿಯ ಮೂಲಕ ಒಳಕ್ಕೂ ತಲೆ ಹಾಕಿರುತ್ತದೆ. ಹೊರಗೊಂದು ಗುಂಡು, ಒಳಗೊಂದು ಗುಂಡು, ನಡುವೆ ಸಣ್ಣ ಸೊಂಟ. ಇಂಥದ್ದಕ್ಕೆ ಡಂಬೆಲ್ ಗಡ್ಡೆ ಅನ್ನುತ್ತಾರೆ. ಒಳಗಿನ ಗುಂಡಿನ ಪಕ್ಕದಲ್ಲೇ ಮಿದುಳು ಬಳ್ಳಿ ಇರುತ್ತದೆ. ಇದು ಗೊತ್ತಿಲ್ಲದೆ ಎದೆ ಕಡೆಯಿಂದ ಹಿಡಿದು ಎಳೆದರೆ ಒಳಗೆ ರಕ್ತ ಕಟ್ಟಿ ಕಾಲಿನ ಬಲ ಹೋಗುವ ಅಪಾಯವಿದೆ. ಮೊದಲೇ ಗೊತ್ತಿದ್ದರೆ ಹೆದರಬೇಕಾಗಿಲ್ಲ. ನರಶಸ್ತ್ರತಜ್ಞರು ಬೆನ್ನಿನ ಕಡೆಯಿಂದ ಒಳಭಾಗವನ್ನು ಬಿಡಿಸಿಕೊಡುತ್ತಾರೆ, ಆಮೇಲೆ ಅದೇ ದಿನ ಮಗ್ಗುಲು ತಿರುಗಿಸಿ ಎದೆ ಕಡೆಯ ಭಾಗವನ್ನು ಕ್ಯಾಮೆರಾದಲ್ಲಿ ತೆಗೆಯಬಹುದು. ಮೂಳೆಯನ್ನು ಚೆನ್ನಾಗಿ ತೋರಿಸುವ ಸಿ.ಟಿ. ಈ ಕಿಂಡಿಯೊಳಗಿನ ಮೆತ್ತನೆಯ ಭಾಗವನ್ನು ಅಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ. ಅದಕ್ಕೇ ಈ ಒತ್ತಾಯ.

ಎಂ.ಆರ್.ಐ. ಆಗುವುದರೊಳಗೆ ಅಮ್ಮನಿಗೆ ಕಾಲು ಜೋಮು ಹಿಡಿಯುವುದು, ನಡೆಯುವಾಗ ಎಡವುವುದು, ಮೂತ್ರ ಕಟ್ಟುವುದು ಶುರುವಾದರೆ ಕಾಯಬೇಡಿ, ಅದೇ ದಿನ ಹೋಗಿ. ‘ಅವಸರ ಇಲ್ಲ’ ಎಂಬ ನನ್ನ ಮಾತು ಆಗ ನಡೆಯುವುದಿಲ್ಲ.

ಇನ್ನೆರಡು ವಿಷಯ ಡಾಕ್ಟರಿಗೆ ಹೇಳಿ. ಮೈಮೇಲೆ ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳು, ಚರ್ಮದ ಕೆಳಗೆ ಮೆತ್ತನೆಯ ಗಂಟುಗಳು ಇವೆಯಾ? ಇದ್ದರೆ ಅದೊಂದು ವಂಶದಲ್ಲಿ ಬರುವ ಕಾಯಿಲೆ ಇರಬಹುದು, ಆಗ ಗಡ್ಡೆಯನ್ನು ನೋಡುವ ರೀತಿ ಬದಲಾಗುತ್ತದೆ. ಎರಡನೆಯದು, ಇದ್ದಕ್ಕಿದ್ದ ಹಾಗೆ ತಲೆನೋವು, ಬೆವರು, ಎದೆ ಡವಗುಟ್ಟುವುದು, ಬಿ.ಪಿ. ಏರುವುದು ಇದೆಯಾ? ಅಪರೂಪಕ್ಕೆ ಇದೇ ಜಾಗದಲ್ಲಿ ಬಿ.ಪಿ. ಏರಿಸುವ ರಾಸಾಯನಿಕ ಸುರಿಸುವ ಗಡ್ಡೆ ಇರುತ್ತದೆ. ಒಂದು ರಕ್ತ ಅಥವಾ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪರೀಕ್ಷೆ ಮಾಡಿಸದೆ ಅಂಥದ್ದನ್ನು ಆಪರೇಷನ್ ಟೇಬಲ್ ಮೇಲೆ ಮುಟ್ಟಿದರೆ ಬಿ.ಪಿ. ಆಕಾಶಕ್ಕೆ ಹೋಗುತ್ತದೆ.

ಸೂಜಿ ಬಯಾಪ್ಸಿ ಕೇಳಿದ್ದೀರಿ, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು. ಸ್ಕ್ಯಾನ್ ಚಿತ್ರ ಇಷ್ಟು ಸ್ಪಷ್ಟವಾಗಿದ್ದು, ಹೇಗೂ ತೆಗೆಯುವುದೇ ಅಂತ ತೀರ್ಮಾನವಾಗಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅನುಮಾನ ಇದ್ದರೆ ಮಾಡಿಸಲೇಬೇಕು. ಆದರೆ ಶ್ವಾಸಕೋಶದ ಹೈಡಾಟಿಡ್ ಗುಳ್ಳೆಗೆ ಸೂಜಿ ಹಾಕಬಾರದು. ಕುರಿ, ನಾಯಿ ಸಾಕುವ ಕಡೆ ಹುಳುವಿನಿಂದ ಬರುವ ನೀರುಗುಳ್ಳೆ ಅದು. ಶ್ವಾಸಕೋಶದಲ್ಲಿ ಅದು ಒಡೆದರೆ ಒಳಗಿನ ನೀರು ಚೆಲ್ಲಿ ಜೀವಕ್ಕೇ ಅಪಾಯವಾಗುವಷ್ಟು ಅಲರ್ಜಿ ಆಗಬಹುದು. ನಿಮ್ಮ ರಿಪೋರ್ಟ್ ಗಟ್ಟಿ ಗಡ್ಡೆಯ ಮಾತಾಡುತ್ತಿದೆ, ಹಾಗಾಗಿ ಈ ಚಿಂತೆ ನಿಮಗಿಲ್ಲ.

ದೊಡ್ಡಪ್ಪನವರ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಕತ್ತರಿ ತಾಗಿದ್ದಕ್ಕೆ ಶ್ವಾನೋಮಾ ಕ್ಯಾನ್ಸರ್ ಆಗುವುದಿಲ್ಲ, ಮೈಯೆಲ್ಲ ಹರಡುವುದೂ ಇಲ್ಲ. ಈ ಭಯ ನಮ್ಮ ಕಡೆ ಯಾಕಿದೆ ಅಂದರೆ, ಹಿಂದೆ ಎದೆ ಆಪರೇಷನ್‌ಗೆ ಬರುತ್ತಿದ್ದವರು ಕಾಯಿಲೆ ಬಲಿತ ಮೇಲೇ ಬರುತ್ತಿದ್ದರು. ಆಪರೇಷನ್ ಆಗಿ ಸ್ವಲ್ಪ ದಿನಕ್ಕೆ ತೀರಿಕೊಂಡರೆ ಜನ ಕತ್ತರಿಯನ್ನೇ ದೂರಿದರು. ಮೈಸೂರಿನ ಹಳಬರಿಗೆ ಎದೆ ಕಾಯಿಲೆ ಅಂದರೆ ಇವತ್ತಿಗೂ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಸ್ಯಾನಟೋರಿಯಮ್ಮೇ ನೆನಪಾಗುವುದು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ ಕಟ್ಟಿಸಿದ್ದು ಅದು. ಈ ಕೀಹೋಲ್ ವಿದ್ಯೆಯ ಬೇರು ಕೂಡ ಟಿಬಿಯಲ್ಲೇ ಇದೆ. ಸ್ವೀಡನ್‌ನ ಜಾಕೋಬಿಯಸ್ ಎಂಬ ವೈದ್ಯ 1910ರಲ್ಲಿ ಎದೆಗೂಡಿನೊಳಗೆ ಕೊಳವೆ ಇಳಿಸಿ ನೋಡುವ ಕ್ರಮವನ್ನು ಪ್ರಕಟಿಸಿದರು. ಟಿಬಿಗೆ ಔಷಧ ಇಲ್ಲದ ಕಾಲ ಅದು. ಕಾಯಿಲೆ ಬಿದ್ದ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡಬೇಕು, ಅದಕ್ಕೆ ಅಡ್ಡ ಬರುವ ಅಂಟುಗಳನ್ನು ಬಿಡಿಸಬೇಕು. ಮುಂದೆ ಅವರು ಆ ಕೊಳವೆಯಿಂದ ಈ ಕೆಲಸ ಮಾಡಿದರು. ಮಾತ್ರೆಗಳು ಬಂದ ಮೇಲೆ ಅದು ಮೂಲೆ ಸೇರಿತು. 1990ರ ಸುಮಾರಿಗೆ ಚಿಕ್ಕ ವಿಡಿಯೋ ಕ್ಯಾಮೆರಾ ಬಂದ ಮೇಲೆ ವ್ಯಾಟ್ಸ್ ಎಂಬ ಹೆಸರಲ್ಲಿ ಮತ್ತೆ ಎದ್ದು ಬಂತು.

ಆಪರೇಷನ್ ದಿನ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳಿ. ಪೂರ್ತಿ ಮತ್ತು ಬರಿಸಿದ ಮೇಲೆ ಗಂಟಲಿನಿಂದ ಎರಡು ಕವಲಿನ ಟ್ಯೂಬ್ ಇಳಿಸುತ್ತಾರೆ. ಒಂದು ಕವಲಿನಿಂದ ಎಡ ಶ್ವಾಸಕೋಶಕ್ಕೆ ಉಸಿರು ಹೋಗುತ್ತಿರುತ್ತದೆ, ಬಲಗಡೆಯದನ್ನು ನಿಲ್ಲಿಸುತ್ತಾರೆ. ಎದೆ ಆಪರೇಷನ್‌ನ ಅರ್ಧ ಕೆಲಸ ಇದೇ. ಅರಿವಳಿಕೆ ಡಾಕ್ಟರು ಇದನ್ನು ಸರಿಯಾಗಿ ಮಾಡದಿದ್ದರೆ ಎಂಥ ಸರ್ಜನ್ ಇದ್ದರೂ ಏನೂ ಕಾಣಿಸುವುದಿಲ್ಲ. ಆಮೇಲೆ ಎಡ ಮಗ್ಗುಲಿಗೆ ಮಲಗಿಸಿ, ಬಲಗೈ ಮೇಲಕ್ಕೆತ್ತಿ, ಮೈಯನ್ನು ಸ್ವಲ್ಪ ಮುಂದಕ್ಕೆ ವಾಲಿಸುತ್ತೇವೆ. ಗಾಳಿ ಬಿಟ್ಟ ಶ್ವಾಸಕೋಶ ತನ್ನ ಭಾರಕ್ಕೆ ಮುಂದಕ್ಕೆ ಜಾರಿ ಬೆನ್ನುಮೂಳೆ ಕಡೆ ಜಾಗ ಬಿಟ್ಟುಕೊಡುತ್ತದೆ. ಪಕ್ಕೆಲುಬುಗಳ ನಡುವೆ ಎರಡು ಮೂರು ರಂಧ್ರ. ಕೆಲವು ಅರ್ಧ ಸೆಂ.ಮೀ., ಒಂದು 3 ಸೆಂ.ಮೀ. ಸುಮಾರು. ಕೆಲವರು ಒಂದೇ ರಂಧ್ರದಲ್ಲೂ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ರಂಧ್ರದ ಎಣಿಕೆಯಿಂದ ರೋಗಿಗೆ ದೊಡ್ಡ ವ್ಯತ್ಯಾಸವಿಲ್ಲ. ಪಕ್ಕೆಲುಬನ್ನು ಅಗಲಿಸದೆ ಇರುವುದೇ ಮುಖ್ಯ.

ಕ್ಯಾಮೆರಾ ಒಳಗೆ ಹೋದಾಗ ಟಿವಿ ಪರದೆಯ ಮೇಲೆ ಪಕ್ಕೆಲುಬುಗಳು ಸಾಲಾಗಿ ಕಾಣುತ್ತವೆ. ಅವುಗಳ ಬುಡದಲ್ಲಿ ಹೊಳೆಯುವ ತೆಳು ಪೊರೆಯ ಕೆಳಗೆ ತಿಳಿ ಹಳದಿ ಬಣ್ಣದ ಗುಂಡು. ಪಕ್ಕದಲ್ಲೇ ನೀಲಿ ಬಣ್ಣದ ಅಜೈಗಸ್ ರಕ್ತನಾಳ ಮೇಲಕ್ಕೆ ಹೋಗುತ್ತಿರುತ್ತದೆ, ಅದಕ್ಕೆ ಗೌರವ ಕೊಡಲೇಬೇಕು. ಪೊರೆಯನ್ನು ಗಡ್ಡೆಯ ಸುತ್ತ ಬಿಡಿಸುತ್ತೇವೆ. ಅದಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಒಂದೊಂದಾಗಿ ಸುಟ್ಟು ಅಥವಾ ಕ್ಲಿಪ್ ಹಾಕಿ ಕತ್ತರಿಸುತ್ತೇವೆ. ಕೆಲವು ಶ್ವಾನೋಮಾಗಳಲ್ಲಿ ಹೊರಗಿನ ಸಿಪ್ಪೆಯನ್ನು ಸೀಳಿದರೆ ಒಳಗಿನ ಗಡ್ಡೆ ಹಿದುಕಿದ ಅವರೆಬೇಳೆಯ ಹಾಗೆ ಜಾರಿ ಬರುತ್ತದೆ, ನರವೂ ಉಳಿಯುತ್ತದೆ. ಕೆಲವದರಲ್ಲಿ ನರದ ಸಮೇತ ತೆಗೆಯಬೇಕಾಗುತ್ತದೆ. ಹಾಗಾದರೆ ಅಮ್ಮನಿಗೆ ಎದೆಯ ಬಲಭಾಗದಲ್ಲಿ ಒಂದು ಪಟ್ಟಿಯಷ್ಟು ಜಾಗ ಜೋಮು ಜೋಮು ಅನ್ನಿಸಬಹುದು. ಕೈಕಾಲಿಗೆ ಏನೂ ಆಗುವುದಿಲ್ಲ. ಗಡ್ಡೆ ಇನ್ನೂ ಮೇಲೆ, ಕುತ್ತಿಗೆಯ ಬುಡದಲ್ಲಿ ಇದ್ದಿದ್ದರೆ ರೆಪ್ಪೆ ಇಳಿದುಹೋಗುವ ತೊಂದರೆಯ ಬಗ್ಗೆ ಎಚ್ಚರಿಸುತ್ತಿದ್ದೆ. 5-6ನೇ ಪಕ್ಕೆಲುಬಿನ ಮಟ್ಟದಲ್ಲಿ ಆ ಭಯ ಇಲ್ಲ.

ಬಿಡಿಸಿದ ಗಡ್ಡೆಯನ್ನು ಒಳಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದೊಡ್ಡ ರಂಧ್ರದಿಂದ ಹೊರಗೆ ಎಳೆಯುತ್ತೇವೆ. ಬರದಿದ್ದರೆ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡುತ್ತೇವೆ. ರಕ್ತ ಜಾಸ್ತಿ ಬಂದರೆ, ಅಂಟು ಬಿಡಿಸಲಾಗದಿದ್ದರೆ, ಎದೆ ತೆರೆದೇ ಮುಗಿಸಬೇಕಾಗುತ್ತದೆ. ಸಹಿ ಹಾಕುವ ಕಾಗದದಲ್ಲಿ ಇದು ಇರುತ್ತದೆ, ಗಾಬರಿ ಬೇಡ. ಅಂಥ ಹೊತ್ತಲ್ಲಿ ತೆರೆಯುವ ಸರ್ಜನ್ ಒಳ್ಳೆಯ ಸರ್ಜನ್ನೇ.

ತೆರೆದ ಆಪರೇಷನ್‌ಗೂ ಇದಕ್ಕೂ ನಿಜಕ್ಕೂ ಎಷ್ಟು ವ್ಯತ್ಯಾಸ? ತೆರೆಯುವುದೆಂದರೆ ಪಕ್ಕೆಲುಬುಗಳ ನಡುವೆ ಕಬ್ಬಿಣದ ಸಾಧನ ಇಟ್ಟು ಅಗಲಿಸುವುದು. ಆಗ ಪಕ್ಕೆಲುಬಿನ ಕೆಳಗಿನ ನರ ನಲುಗುತ್ತದೆ. ಕೆಲವರಿಗೆ ಆ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಕೀಹೋಲ್‌ನ ದೊಡ್ಡ ಲಾಭ ಇದನ್ನು ಕಡಿಮೆ ಮಾಡುವುದೇ. ಆಸ್ಪತ್ರೆ ವಾಸದ ಲಾಭವನ್ನು ಜಾಹೀರಾತುಗಳು ಸ್ವಲ್ಪ ಉಬ್ಬಿಸುತ್ತವೆ. ಬ್ರಿಟನ್‌ನ 9 ಆಸ್ಪತ್ರೆಗಳಲ್ಲಿ 503 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದ್ದರು. ಅದು ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್, ನಿಮ್ಮದಕ್ಕಿಂತ ದೊಡ್ಡದು. 5 ವಾರದ ಹೊತ್ತಿಗೆ ಕೀಹೋಲ್ ಆದವರು ಓಡಾಟ, ಮನೆಗೆಲಸದಲ್ಲಿ ಮುಂದಿದ್ದರು, ತೊಡಕುಗಳೂ ಕಡಿಮೆ ಇದ್ದವು. ಆದರೆ ಆಸ್ಪತ್ರೆಯಲ್ಲಿ ಉಳಿದದ್ದು 5 ದಿನದ ಬದಲು 4 ದಿನ, ಅಷ್ಟೇ.

ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ, ಪಕ್ಕದಲ್ಲಿ ಕೂತ ಸರ್ಜನ್ನೇ ಅದರ ಕೈಗಳನ್ನು ಆಡಿಸುವುದು. ಮಣಿಕಟ್ಟು ತಿರುಗುವ ಸಲಕರಣೆ ಇರುವುದರಿಂದ ಇಕ್ಕಟ್ಟಿನ ಜಾಗದಲ್ಲಿ ಅನುಕೂಲ. ಥೈಮಸ್ ಗಡ್ಡೆಗೆ ನಾನು ಅದನ್ನು ಇಷ್ಟಪಡುತ್ತೇನೆ. ನಿಮ್ಮ ಅಮ್ಮನ ಗಡ್ಡೆಗೆ ಅದಕ್ಕಾಗಿ ಸಾಲ ಮಾಡಬೇಡಿ.

ಎದ್ದಾಗ ಪಕ್ಕೆಯಿಂದ ಒಂದು ಪೈಪು ಬಾಟಲಿಗೆ ಇಳಿದಿರುತ್ತದೆ. ಮನೆಯವರು ಹೆದರುವುದು ಇದಕ್ಕೇ. ಬಾಟಲಿಯ ನೀರು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿದ್ದರೆ ಒಳ್ಳೆಯದು, ಪೈಪು ಕಟ್ಟಿಲ್ಲ ಅಂತ ಅರ್ಥ. ಗುಳ್ಳೆ ಬರುತ್ತಿದ್ದರೆ ಶ್ವಾಸಕೋಶದ ಮೇಲಿಂದ ಎಲ್ಲೋ ಗಾಳಿ ಸೋರುತ್ತಿರಬಹುದು, ಸಿಸ್ಟರ್‌ಗೆ ಹೇಳಿ. ಬಾಟಲಿಯನ್ನು ಯಾವತ್ತೂ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬೇಡಿ, ಬಾತ್‌ರೂಮಿಗೆ ಕರೆದುಕೊಂಡು ಹೋಗುವಾಗಲೂ. ಶ್ವಾನೋಮಾದಲ್ಲಿ ಶ್ವಾಸಕೋಶವನ್ನು ಕತ್ತರಿಸುವುದಿಲ್ಲವಾದ್ದರಿಂದ ಪೈಪು ಒಂದೆರಡು ದಿನಕ್ಕೇ ಹೊರಬರುತ್ತದೆ. ಹೆಚ್ಚಿನವರು ಎರಡರಿಂದ ನಾಲ್ಕು ದಿನಕ್ಕೆ ಮನೆಗೆ.

ಅಮ್ಮ ಮಾಡಬೇಕಾದ ಮುಖ್ಯ ಕೆಲಸ ಉಸಿರಿನದು. ಮೂರು ಚೆಂಡಿನ ಸ್ಪೈರೋಮೀಟರ್ ಕೊಡುತ್ತಾರೆ, ಅದನ್ನು ಊದಬಾರದು, ಎಳೆಯಬೇಕು. ಆಪರೇಷನ್‌ಗೆ ವಾರ ಮೊದಲೇ ತಂದು ಅಭ್ಯಾಸ ಮಾಡಿಸಿ. ನೋವಿಗೆ ಹೆದರಿ ಸಣ್ಣ ಉಸಿರು ಎಳೆದುಕೊಂಡು ಮಲಗಿಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಅದಕ್ಕೇ ನೋವಿನ ಮಾತ್ರೆಯನ್ನು ‘ತಡ್ಕೋತೀನಿ’ ಅಂತ ಬಿಡಬಾರದು. ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಬಾಯಿ ಪೂರ್ತಿ ತೆರೆಯಲು ಆಗುತ್ತದಾ ಅಂತಲೂ ನೋಡಿ. ವರ್ಷಗಟ್ಟಲೆ ಎಲೆ ಅಡಿಕೆ ಹಾಕಿ ಬಾಯಿ ಬಿಗಿದುಕೊಂಡವರಿಗೆ ಆ ಎರಡು ಕವಲಿನ ಟ್ಯೂಬ್ ಇಳಿಸುವುದು ಕಷ್ಟ. ಅರಿವಳಿಕೆ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು.

ಊಟದಲ್ಲಿ ನಂಜು ಅಂತ ಬದನೆಕಾಯಿ, ಮೊಟ್ಟೆ, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡಬೇಡಿ. ಮುದ್ದೆ, ಬಸ್ಸಾರು, ಹುರುಳಿಕಾಳು, ಮೊಟ್ಟೆ ಎಲ್ಲ ಆಗುತ್ತದೆ. ಗಾಯ ಮಾಯುವುದು ಅದರಿಂದಲೇ. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತದೆ, ನೀರು ಜಾಸ್ತಿ ಕುಡಿಯಲಿ. ಎರಡು ವಾರಕ್ಕೆ ಮನೆಯ ಹಗುರ ಕೆಲಸ ಮಾಡಬಹುದು. ಕೊಡ, ಹುಲ್ಲಿನ ಹೊರೆ, ಕಬ್ಬಿನ ಹೊರೆ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಆಲೆಮನೆ ಹೊಗೆಯ ವಿಷಯದಲ್ಲಿ ನನ್ನ ಸಲಹೆ ಗಡ್ಡೆಗೆ ಸಂಬಂಧವೇ ಇಲ್ಲದ್ದು: ಒಲೆಯ ಮುಂದಿನ ಕೆಲಸ ಇನ್ನು ಬೇರೆಯವರು ನೋಡಿಕೊಳ್ಳಲಿ, ಅವರೂ ಮೂಗು ಬಾಯಿ ಮುಚ್ಚಿಕೊಳ್ಳಲಿ.

ತೆಗೆದ ಗಡ್ಡೆಯ ಪೆಥಾಲಜಿ ರಿಪೋರ್ಟ್ ಬರಲು ಸಾಮಾನ್ಯವಾಗಿ ಒಂದು ವಾರ ಬೇಕು. ಅದನ್ನು ತರದೆ ಬಿಡುವವರೇ ಜಾಸ್ತಿ. ಹೊಲಿಗೆ ಬಿಚ್ಚಿಸಲು ಹೋದ ದಿನ ಅದನ್ನು ಕೇಳಿ ಪಡೆದು, ಡಾಕ್ಟರಿಂದ ಓದಿಸಿ. ಪೂರ್ತಿ ತೆಗೆದ ಶ್ವಾನೋಮಾ ಮತ್ತೆ ಬರುವುದು ಅಪರೂಪ.

ಜಾಗ ಎಲ್ಲಿ ಅನ್ನುವುದಕ್ಕೆ, ಈ ಕೆಲಸ ಮೈಸೂರಿನಲ್ಲಿ ಆಗುತ್ತದೆ. ಗಡ್ಡೆ ಕಿಂಡಿಯೊಳಗೆ ಹೋಗಿದ್ದರೂ, ಎದೆಯ ಸರ್ಜನ್ ಮತ್ತು ನರಶಸ್ತ್ರತಜ್ಞರು ಒಂದೇ ಆಸ್ಪತ್ರೆಯಲ್ಲಿ ಇದ್ದರೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಬೋರ್ಡಿನಲ್ಲಿ ಲ್ಯಾಪರೋಸ್ಕೋಪಿ ಅಂತ ಇದ್ದ ಮಾತ್ರಕ್ಕೆ ಎದೆ ಆಪರೇಷನ್ ಬರುತ್ತದೆ ಅಂತಲ್ಲ, ಹೊಟ್ಟೆಯದು ಬೇರೆ, ಎದೆಯದು ಬೇರೆ. ಸಂಕೋಚ ಬಿಟ್ಟು ಕೇಳಿ: ಸಾರ್, ನೀವು ಎದೆ ಆಪರೇಷನ್ ಆಗಾಗ ಮಾಡುತ್ತೀರಾ? ಒಂದೇ ಶ್ವಾಸಕೋಶದ ಮೇಲೆ ಅರಿವಳಿಕೆ ಕೊಡುವವರು ಇದ್ದಾರಾ? ತೆರೆಯಬೇಕಾಗಿ ಬಂದರೆ ನೀವೇ ತೆರೆಯುತ್ತೀರಾ? ಸರಿಯಾದ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ.

ಹಣದ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆಗೆ ಕಂತು ಕಟ್ಟಿದ್ದರೆ ಆ ಕಾರ್ಡನ್ನೂ ತೋರಿಸಿ. ಆಯುಷ್ಮಾನ್‌ನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ನಿಮಗೆ ಮಂಡ್ಯದ ಮಿಮ್ಸ್ ಹತ್ತಿರ. ದಾಖಲಾಗಿ ಬಿಲ್ ಆದ ಮೇಲೆ ಚೀಟಿ ತಂದರೆ ಪ್ರಯೋಜನವಿಲ್ಲ, ಒಪ್ಪಿಗೆ ಮುಂಚೆಯೇ ಬಂದಿರಬೇಕು. ಕೈಯಿಂದ ಕಟ್ಟುವುದಾದರೆ ಅಂದಾಜು ಖರ್ಚನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅದರಲ್ಲಿ ಐಸಿಯು, ಎರಡು ಕವಲಿನ ಟ್ಯೂಬ್, ಪೆಥಾಲಜಿ ಎಲ್ಲ ಸೇರಿದೆಯಾ ಅಂತ ನೋಡಿ. ಸ್ಟೇಪ್ಲರ್ ಅಂತ ದೊಡ್ಡ ಮೊತ್ತ ಇದ್ದರೆ ಯಾಕೆ ಅಂತ ಕೇಳಿ. ಅದು ಶ್ವಾಸಕೋಶ ಕತ್ತರಿಸುವಾಗ ಬೇಕಾಗುವುದು, ಈ ಗಡ್ಡೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಎಂ.ಆರ್.ಐ. ಆದ ಮೇಲೆ ಬರೀ ರಿಪೋರ್ಟ್ ಹಿಡಿದುಕೊಂಡು ಬರಬೇಡಿ. ಸಿ.ಟಿ., ಎಂ.ಆರ್.ಐ. ಎರಡರ ಸಿ.ಡಿ.ಯನ್ನೂ ತನ್ನಿ. ಆ ಕಿಂಡಿಯನ್ನು ಆಪರೇಷನ್ ಮಾಡುವವರು ತಮ್ಮ ಕಣ್ಣಿಂದಲೇ ನೋಡಬೇಕು.